ಬಾಯ್ಲರ್ ಮನೆಯಿಂದ ಹೋದ ಮೇಲ್

2025ರ ಫೆಬ್ರವರಿ 17, ಸೋಮವಾರ ಬೆಳಿಗ್ಗೆ 10.35ಕ್ಕೆ ದೇವನೂರಿನ ಮಹದೇವಮ್ಮ ಮಗಳು ಪವಿತ್ರಳ ಜೊತೆ ಠಾಣೆಗೆ ಬಂದರು. ಕೈಯಲ್ಲಿ ಅರ್ಜಿ ಇತ್ತು. ಇನ್‌ಸ್ಪೆಕ್ಟರ್ ಚಂದ್ರಶೇಖರ್‌ಗೆ ಆಕೆಯ ಗುರುತು ಸಿಕ್ಕಿತು, ಆದರೆ ಮುಖ ನೋಡುವ ಮನಸ್ಸಾಗಲಿಲ್ಲ.

ಅದಕ್ಕೆ ಕಾರಣವಿತ್ತು. ಫೆಬ್ರವರಿ 3ರ ಬೆಳಿಗ್ಗೆ 9.10ಕ್ಕೆ ನಂಜನಗೂಡಿನ ಹೊರವಲಯದಲ್ಲಿ, ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯ ಬಾಯ್ಲರ್ ಸಿಡಿದು ಇಬ್ಬರು ಸತ್ತಿದ್ದರು. ಒಬ್ಬರು ಹದಿನೇಳು ವರ್ಷದಿಂದ ಬಾಯ್ಲರ್ ನಡೆಸುತ್ತಿದ್ದ ನಾಗಯ್ಯ, ಮಹದೇವಮ್ಮನ ಗಂಡ. ಇನ್ನೊಬ್ಬ ಅದೇ ಬೀದಿಯ ಚಿಕ್ಕಮಾದು, ಕೆಲಸಕ್ಕೆ ಸೇರಿ ತಿಂಗಳಾಗಿತ್ತು. ನಾಗಯ್ಯನ ಅಜಾಗರೂಕತೆಯೇ ಕಾರಣ ಎಂದು ಕಾರ್ಖಾನೆಯವರು ದೂರು ಕೊಟ್ಟರು. ಅಂದೇ ಎಫ್‌ಐಆರ್ ಆಯಿತು. ಆರೋಪಿ ನಾಗಯ್ಯ, ಮೃತ. ಸತ್ತವನ ತಲೆಗೆ ಕಟ್ಟುವಷ್ಟು ಸುಲಭದ ಕೆಲಸ ಇಲಾಖೆಯಲ್ಲಿ ಬೇರೆ ಇಲ್ಲ.

"ನಮ್ಮೆಜಮಾನ್ರು ಮೇಲ್ ಆಕಿದ್ರು ಸಾ," ಎಂದರು ಮಹದೇವಮ್ಮ. "ಆವಿ ಬಿಡೋ ವಾಲ್ವು ಕಚ್ಕೊಂಡದೆ, ಬಾಯ್ಲರ್ ನಿಲ್ಸಿ ಅಂತ."

"ಯಾರಿಗೆ?"

"ಸೇಫ್ಟಿ ಮ್ಯಾನೇಜರ್‌ಗೆ. ಬಾಯಲ್ಲಿ ಏಳ್ಬ್ಯಾಡ, ಮೇಲ್ ಆಕು ಅಂದಿದ್ರಂತೆ."

"ಯಾವತ್ತು?"

"ಸಾಯಾಕೆ ಒಂದ್ ವಾರ ಮುಂಚೆ. ಸೋಮ್ವಾರ."

"ಕಾಪಿ ಇದೆಯಾ?"

"ಇಲ್ಲ ಸಾ. ಬಾಯ್ಲರ್ ಮನೆ ಕಂಪ್ಯೂಟ್ರಿಂದ್ಲೇ ಆಕ್ಬೇಕಂತೆ."

ಚಂದ್ರಶೇಖರ್ ಅರ್ಜಿ ಮಡಿಸಿದರು. ಮಹದೇವಮ್ಮ ಕುರ್ಚಿಯಿಂದ ಏಳಲಿಲ್ಲ.

"ಚಿಕ್ಕಮಾದು ಎಂಡ್ತಿ ನನ್ ಕಂಡ್ರೆ ಬಾಗ್ಲು ಆಕತಾಳೆ. ನಿನ್ ಗಂಡನೇ ನನ್ ಗಂಡನ್ನ ಕೊಂದ ಅಂತಾಳೆ. ನಂಗಿನ್ನೇನೂ ಬ್ಯಾಡ ಸಾ. ಅವ್ರು ಕೊಲ್ಲಿಲ್ಲ ಅಂತ ಒಂದ್ ಕಾಗ್ದ ಕೊಡ್ಸಿ."

ಮಧ್ಯಾಹ್ನ 12.20ಕ್ಕೆ ಇನ್‌ಸ್ಪೆಕ್ಟರ್ ಕಾರ್ಖಾನೆಯಲ್ಲಿದ್ದರು. ಜೊತೆಗೆ ಕಾನ್‌ಸ್ಟೆಬಲ್ ವಾಣಿ. ಬಿಸಿಎ ಓದಿ ಪೊಲೀಸ್ ಕೆಲಸಕ್ಕೆ ಸೇರಿದ್ದ ಅವಳಿಗೆ ಠಾಣೆಯಲ್ಲಿ ಇದುವರೆಗೆ ಸಿಕ್ಕಿದ್ದ ಕಂಪ್ಯೂಟರ್ ಕೆಲಸವೆಂದರೆ ಪ್ರಿಂಟರ್‌ಗೆ ಕಾಗದ ತುಂಬುವುದು. ಸೇಫ್ಟಿ ಮ್ಯಾನೇಜರ್ ರಘು ತನ್ನ ಮೇಲ್ ತೆರೆದು ತೋರಿಸಿದ. ನಾಗಯ್ಯನ ಪತ್ರ ಇರಲಿಲ್ಲ. ಬಾಯ್ಲರ್ ಮನೆಯ ವಿಳಾಸದಿಂದ ಕಳಿಸಿದವುಗಳ ಪಟ್ಟಿಯಲ್ಲೂ ಇರಲಿಲ್ಲ.

ಕಾರ್ಖಾನೆಯ ಮೇಲ್ ಸರ್ವರ್ ಆಫೀಸಿನ ಹಿಂದಿನ ಕೋಣೆಯಲ್ಲೇ ಇತ್ತು. ಯಾವ ಮೇಲ್ ಯಾರಿಂದ ಯಾರಿಗೆ ಎಷ್ಟು ಹೊತ್ತಿಗೆ ಹೋಯಿತು ಎಂದು ಸರ್ವರ್ ತಾನೇ ಬರೆದಿಡುವ ದಾಖಲೆಗೆ ಲಾಗ್ ಎನ್ನುತ್ತಾರೆ. ಲಕೋಟೆಯ ಮೇಲಿನ ವಿಳಾಸ ಬರೆದುಕೊಂಡ ಹಾಗೆ, ಒಳಗಿನ ಒಕ್ಕಣೆ ಅದರಲ್ಲಿ ಇರುವುದಿಲ್ಲ. ವಾಣಿ ಮುಕ್ಕಾಲು ಗಂಟೆ ಅದನ್ನು ಹುಡುಕಿದಳು.

"ಲಾಗ್ ಇಲ್ಲ ಸಾರ್. ಹಳೇದೆಲ್ಲ ಅಳಿಸಿದ್ದಾರೆ. ಫೆಬ್ರವರಿ 3ನೇ ತಾರೀಕು 11.20ಕ್ಕೆ ಲಾಗ್ ಬರೆಯೋದನ್ನೇ ಆಫ್ ಮಾಡಿದ್ದಾರೆ."

"ಎಲ್ಲ ಅಳಿಸಿದ್ರೆ ಟೈಮ್ ಹೇಗೆ ಗೊತ್ತಾಯ್ತು?"

"ಆಫ್ ಮಾಡಿದ್ದನ್ನೂ ಬರ್ಕೊಂಡಿದೆ ಸಾರ್. ಅದೇ ಕೊನೇ ಸಾಲು."

ಬಾಯ್ಲರ್ ಸಿಡಿದು ಎರಡು ಗಂಟೆ ಹತ್ತು ನಿಮಿಷ. ಉಳಿದವರೆಲ್ಲ ಆಂಬುಲೆನ್ಸಿನ ಹಿಂದೆ ಓಡಿದ್ದ ಹೊತ್ತು. ಪಾಸ್‌ವರ್ಡ್ ನಾಲ್ವರಿಗೆ ಗೊತ್ತಿತ್ತು, ನಾಲ್ವರೂ ಅಡ್ಮಿನ್ ಎಂಬ ಒಂದೇ ಹೆಸರಿನಲ್ಲಿ ಕೆಲಸ ಮಾಡುತ್ತಿದ್ದರು. ಆದರೆ ಕೋಣೆಯ ಬಾಗಿಲು ಹೆಬ್ಬೆಟ್ಟಿಟ್ಟರೆ ಮಾತ್ರ ತೆರೆಯುತ್ತಿತ್ತು. 11.14ಕ್ಕೆ ಒಳಗೆ ಹೋಗಿ 11.41ಕ್ಕೆ ಹೊರಬಂದವನು ನಂಜೇಶ್. ಸರ್ವರ್ ನೋಡಿಕೊಳ್ಳುವವನು, ಊರು ಟಿ. ನರಸೀಪುರ. ಮರುದಿನದಿಂದ ಕೆಲಸಕ್ಕೆ ಬಂದಿರಲಿಲ್ಲ, ಫೋನ್ ಆಫ್. ಸಂಜೆ 4ಕ್ಕೆ ಪಂಚರ ಸಮಕ್ಷಮ ಪಂಚನಾಮೆ ಬರೆದು ಸರ್ವರ್ ಜಪ್ತಿ ಮಾಡಿದರು.

ಫೆಬ್ರವರಿ 20ರಂದು ವಾಣಿ ಜಪ್ತಿಯಾದ ಸರ್ವರಿನ ನಕಲಿನಲ್ಲಿ ಇನ್ನೊಂದು ಲಾಗ್ ಹುಡುಕಿದಳು. ಮೋಸದ ಮೇಲ್ ತಡೆಯುವ ಫಿಲ್ಟರ್ ತನ್ನದೇ ಲೆಕ್ಕ ಇಟ್ಟುಕೊಂಡಿತ್ತು, ನಂಜೇಶ್ ಅದನ್ನು ಮರೆತಿದ್ದ. ಅದರಲ್ಲಿ ಒಂದು ಸಾಲು: ಜನವರಿ 27, ಬೆಳಿಗ್ಗೆ 7.42, ಬಾಯ್ಲರ್ ಮನೆಯಿಂದ ಸೇಫ್ಟಿ ಮ್ಯಾನೇಜರ್‌ಗೆ. ತಡೆಹಿಡಿಯಲಾಗಿದೆ. ಕಾರಣ, ಕನ್ನಡ ಅಕ್ಷರ.

ರಘುವನ್ನು ಕರೆಸಿದರು.

"ಏನಿದು ಕಾರಣ?"

"ಲಾಟರಿ ಹೊಡೆದಿದೆ ಅಂತ ಕನ್ನಡದಲ್ಲಿ ಸುಳ್ಳು ಮೇಲ್ ಬರ್ತಿದ್ವು ಸಾರ್. ನಿಲ್ಲಿಸು ಅಂದೆ. ನಂಜೇಶ್ ಕನ್ನಡದ್ದೆಲ್ಲ ನಿಲ್ಲಿಸಿಬಿಟ್ಟ."

"ಒಳಗಿನವರು ಬರೆದದ್ದೂ?"

"ಆಫೀಸಲ್ಲಿ ನಾವೆಲ್ಲ ಇಂಗ್ಲಿಷಲ್ಲೇ ಬರೀತೀವಿ."

"ಬಾಯ್ಲರ್ ಮನೆಯವರು?"

ಮೈಸೂರು ಜಿಲ್ಲೆಯ ಕಾರ್ಖಾನೆಯಲ್ಲಿ ಕನ್ನಡದ ಪತ್ರ ಕಸದ ಬುಟ್ಟಿಗೆ ಹೋಗಿತ್ತು. ಹೊಟ್ಟೆ ಉರಿಯುವ ಸಂಗತಿ, ಆದರೆ ಯಾವ ಕಲಮಿನಲ್ಲೂ ಅದು ಅಪರಾಧವಲ್ಲ.

ಮಾರ್ಚ್ 28ಕ್ಕೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಬಂತು. ಅಳಿಸಿದ ಪತ್ರ ಮರಳಿ ಸಿಗದು, ಆ ಜಾಗದ ಮೇಲೆ ಹದಿನಾಲ್ಕು ದಿನಗಳ ಹೊಸ ಮೇಲ್‌ಗಳು ಕೂತಿವೆ. ಎಫ್‌ಐಆರ್ ಬರೆದ ದಿನವೇ ಸರ್ವರ್ ಜಪ್ತಿ ಮಾಡಿದ್ದರೆ ಸಿಗುತ್ತಿತ್ತೇನೋ. ಚಂದ್ರಶೇಖರ್ ಇದನ್ನು ಯಾರ ಮುಂದೆಯೂ ಆಡಲಿಲ್ಲ.

ಏಪ್ರಿಲ್ 3ರ ಬೆಳಿಗ್ಗೆ 11.15ಕ್ಕೆ ಟಿ. ನರಸೀಪುರದ ಬಸ್ ನಿಲ್ದಾಣದ ಬಳಿ, ಭಾವನ ಜೆರಾಕ್ಸ್ ಅಂಗಡಿಯಲ್ಲಿ ನಂಜೇಶನನ್ನು ಬಂಧಿಸಿದರು. ಅವನು ಓಡಲಿಲ್ಲ. ಗಿರಾಕಿಯ ಆಧಾರ್ ಕಾರ್ಡಿನ ಪ್ರತಿ ತೆಗೆದುಕೊಟ್ಟು ಜೀಪು ಹತ್ತಿದ.

"ಅಳಿಸು ಅಂತ ಯಾರು ಹೇಳಿದ್ರು?"

"ಯಾರೂ ಏಳ್ಲಿಲ್ಲ ಸಾ."

"ಮ್ಯಾನೇಜರ್?"

"ಅವ್ರಿಗೆ ಮೇಲ್ ಓಗೇ ಇಲ್ವಲ್ಲ ಸಾ. ತಡ್ದಿರೋದ್ನ ವಾರಕ್ಕೊಂದ್ ಸಲ ನಾನೇ ನೋಡಿ ಬಿಡ್ಬೇಕಿತ್ತು. ನೋಡ್ಲಿಲ್ಲ. ಬಾಯ್ಲರ್ ಸಿಡಿದ್ಮೇಲೆ ನೋಡ್ದೆ."

"ಏನಿತ್ತು ಅದರಲ್ಲಿ?"

ನಂಜೇಶ್ ಎಲ್ಲೂ ತಡವರಿಸದೆ ಹೇಳಿದ. ವಾಣಿ ಬರೆದುಕೊಂಡಳು: "ಸಾರ್, ಸೇಫ್ಟಿ ವಾಲ್ವು ಕಚ್ಚಿಕೊಂಡಿದೆ. ಮೂರು ಸಲ ಬಾಯಲ್ಲಿ ಹೇಳಿದೆ. ಭಾನುವಾರ ಬಾಯ್ಲರ್ ಆರಿಸಿ ರಿಪೇರಿ ಮಾಡಿಸಿ. ಚಿಕ್ಕಮಾದು ಹೊಸಬ, ಅವನನ್ನು ಬೇರೆ ಕಡೆ ಹಾಕಿ. ಅವನ ಮಕ್ಕಳು ಇನ್ನೂ ಚಿಕ್ಕವು. ಇಂತಿ ನಾಗಯ್ಯ, ಬಾಯ್ಲರ್."

"ಯಾಕೆ ಅಳಿಸಿದೆ?"

"ಓದ್ದೆ ಸಾ. ಇಬ್ರೂ ನನ್ನಿಂದ್ಲೇ ಸತ್ರು ಅನ್ನಿಸ್ತು. ಅದು ಇನ್ನೊಬ್ರ ಕಣ್ಣಿಗೆ ಬೀಳ್ಬಾರ್ದು ಅನ್ನಿಸ್ತು, ಅಷ್ಟೇ."

ದುರಾಸೆಯಿಲ್ಲ, ಹಗೆಯಿಲ್ಲ. ಎಸೆಸೆಲ್ಸಿವರೆಗೆ ಕನ್ನಡದಲ್ಲೇ ಓದಿದವನಿಗೆ ಕನ್ನಡದ ಆರು ಸಾಲು ಹೆದರಿಕೆ ಹುಟ್ಟಿಸಿತ್ತು. ಹೆದರಿದವನು ಒಂದು ಗುಂಡಿ ಒತ್ತಿದ.

ಪೊಲೀಸರ ಮುಂದೆ ಒಪ್ಪಿಕೊಂಡದ್ದು ಕೋರ್ಟಿನಲ್ಲಿ ಸಾಕ್ಷ್ಯವಾಗದು. ಮರುದಿನ ಮ್ಯಾಜಿಸ್ಟ್ರೇಟರ ಮುಂದೆ ನಂಜೇಶ್ ಬಾಯಿ ಬಿಡಲಿಲ್ಲ. ಪಕ್ಕದಲ್ಲಿ ನಿಂತಿದ್ದ ವಕೀಲರನ್ನು ಕಳಿಸಿದ್ದು ಕಾರ್ಖಾನೆ. ಉಳಿದದ್ದು ಫಿಲ್ಟರ್ ಬರೆದ ಒಂದು ಸಾಲು. ನಾಗಯ್ಯ ಏನೋ ಬರೆದಿದ್ದ ಎಂದು ಅದು ಹೇಳುತ್ತಿತ್ತು, ಏನು ಬರೆದಿದ್ದ ಎಂದಲ್ಲ. ಅದು ಮ್ಯಾನೇಜರಿಗೆ ಮುಟ್ಟಲಿಲ್ಲ ಎಂದೂ ಹೇಳುತ್ತಿತ್ತು. ಕಾರ್ಖಾನೆಯವರು ಆ ಸಾಲನ್ನೇ ಹಿಡಿದು ಕೈ ತೊಳೆದುಕೊಂಡರು.

ಏಪ್ರಿಲ್ 7ರಂದು ಮಹದೇವಮ್ಮ ಬಂದರು.

"ಕೇಸಿಂದ ಎಜಮಾನ್ರ ಎಸ್ರು ತಗ್ದ್ರಾ ಸಾ?"

"ಇಲ್ಲಮ್ಮ. ಆಗಲ್ಲ."

"ಆ ನಂಜೇಶ ಬರ್ಸಿದ್ನಂತಲ್ಲ, ಆ ಕಾಗ್ದನಾರ ಕೊಡಿ."

"ಅದು ಕೇಸ್ ಡೈರಿ. ಕೊಡೋ ಹಾಗಿಲ್ಲ. ಬೇಕಾದರೆ ಓದ್ತೀನಿ."

ಚಂದ್ರಶೇಖರ್ ಓದಿದರು. ಮಹದೇವಮ್ಮ ಸೆರಗು ಬಾಯಿಗೆ ಒತ್ತಿಕೊಂಡು ಕೇಳಿಸಿಕೊಂಡರು.

"ಇನ್ನೊಂದ್ ಸಲ ಓದಿ ಸಾ. ಬಾಯಿಪಾಠ ಮಾಡ್ಕತೀನಿ. ಚಿಕ್ಕಮಾದು ಎಂಡ್ತಿಗೆ ಏಳ್ಬೇಕು."

ಅವರು ನಾಲ್ಕು ಸಲ ಓದಿದರು. ಐದನೆಯ ಸಲ ಮಹದೇವಮ್ಮನೇ ತಪ್ಪಿಲ್ಲದೆ ಹೇಳಿ, 12.40ರ ಬಸ್ಸಿಗೆ ಹೊರಟರು.

ಮರುದಿನ ಪವಿತ್ರ ವಾಣಿಗೆ ಫೋನ್ ಮಾಡಿದಳು. ಅವ್ವ ಕತ್ತಲಾಗುವವರೆಗೂ ಆ ಮನೆಯ ಜಗುಲಿಯ ಮುಂದೆ ನಿಂತು ಹೇಳಿದಳಂತೆ. ಯಾರೂ ಬಾಗಿಲು ತೆಗೆಯಲಿಲ್ಲವಂತೆ.