ನಡುಗೋಡೆಯ ಕಪ್ಪು ಚಿತ್ರ

"ಈ ಕಪ್ಪು ನೋಡ್ರಿ. ಐವತ್ತು ವರ್ಷ ಬಣ್ಣದಾಗ ಕೈ ಆಡಿಸಿದವರಿಗಷ್ಟ ಇಂಥಾ ಧೈರ್ಯ ಬರ್ತೈತಿ," ಎಂದ ಸರ್ಫರಾಜ.

ಸಿಂದಗಿಯ ಸಭಾಭವನದಲ್ಲಿ ಅಂದು ನನ್ನ ಮುತ್ಯಾ, ಅಂದರೆ ಅಜ್ಜ, ಕಾಸಿಂಸಾಬನ ಅಮೂರ್ತ ಚಿತ್ರಗಳ ಪ್ರದರ್ಶನ. ಎಲ್ಲವನ್ನೂ ಹೊಂದಿಸುತ್ತಿದ್ದವನು ಮುತ್ಯಾನ ಶಿಷ್ಯ, ಯಂಕಂಚಿಯ ಈ ಸರ್ಫರಾಜ. ಅವನು ಹಾಗೆ ಹೊಗಳುತ್ತಿದ್ದ ಚಿತ್ರ ಮಾತ್ರ ನನ್ನದು!

ಪಾಪ, ತಪ್ಪು ಅವನೊಬ್ಬನದಲ್ಲ. ನಮ್ಮ ಮನೆಯಲ್ಲಿ ಚಿತ್ರಕ್ಕೆ ಸಹಿ ಹಾಕುವ ಪದ್ಧತಿಯಿಲ್ಲ; ಹೆಸರು ಓದಿ ಚಿತ್ರ ನೋಡುವವರನ್ನು ಕಂಡರೆ ಮುತ್ಯಾನಿಗೆ ಸಿಟ್ಟು. ಇಬ್ಬರ ಕ್ಯಾನ್ವಾಸುಗಳೂ ಒಂದೇ ಅಂಗಳದಲ್ಲಿ ಒಣಗುತ್ತವೆ. ಟಂಟಂ ಗಾಡಿಗೆ ಹೇರುವಾಗ ನನ್ನದೂ ಒಂದು ಸೇರಿಕೊಂಡು ಬಂದಿತ್ತು.

ನಾನು ಬೇಕೆಂದೇ ಅವನ ತಪ್ಪು ತಿದ್ದದೆ ಹೊಗಳಿಕೆ ಕೇಳುತ್ತಾ ನಿಂತೆ. ಸರ್ಫರಾಜನ ಕಣ್ಣು ಚಿತ್ರದಿಂದ ನನ್ನ ಕಡೆಗೆ ಬರುತ್ತಿತ್ತು, ಸಿಕ್ಕಿಬಿದ್ದೊಡನೆ ಮತ್ತೆ ಚಿತ್ರಕ್ಕೆ ಓಡುತ್ತಿತ್ತು. ಅವನ ಕಿವಿ ಕೆಂಪಗಾಗಿದ್ದವು. ಸುಳ್ಳೇಕೆ ಹೇಳಲಿ, ನನಗೆ ಬಹಳ ಖುಷಿಯಾಯಿತು.

"ಆ ಧೈರ್ಯಕ್ಕ ಇಪ್ಪತ್ತಾರು ವಯಸ್ಸರಿ," ಎಂದೆ. "ಚಿತ್ರ ನಂದು."

ಬಾಗಿಲಲ್ಲಿ ವಿಜಯಪುರದ ಅತಿಥಿಗಳು ಚಪ್ಪಲಿ ಬಿಡುತ್ತಿದ್ದರು. ಮುಖ್ಯ ಚಿತ್ರಕ್ಕೆಂದೇ ಬಿಟ್ಟಿದ್ದ ನಡುಗೋಡೆಯ ಮೇಲೆ ನನ್ನ ಚಿತ್ರ, ಕೆಳಗೆ ಸರ್ಫರಾಜ ಅಂಟಿಸಿದ್ದ ಮುತ್ಯಾನ ಹೆಸರಿನ ಚೀಟಿ.

"ಈಗ ಇದನ್ನ ಮೂಲಿಗೆ ಸರಸ್ತೀರೇನು?"

ಗಟ್ಟಿಯಾಗಿಯೇ ಕೇಳಿದೆ. ಸರಿಸಿದನೋ, ಚಿತ್ರ ಎತ್ತಿಕೊಂಡು ನಾನು ಮನೆಗೆ. ಇಷ್ಟು ದಿನ ಅವನಿಗೆಂದೇ ಏಲಕ್ಕಿ ಜಜ್ಜಿ ಸೋಸುತ್ತಿದ್ದ ಚಹಾ ಅಂದಿಗೇ ಬಂದ್. ಅವನ ಮೇಲಿನ ಆಸೆಯೂ ಬಂದ್.

ಸರ್ಫರಾಜ ಚೀಟಿ ಕಿತ್ತ. ಇನ್ನೊಂದರ ಮೇಲೆ ದಪ್ಪ ಅಕ್ಷರದಲ್ಲಿ 'ಗುಲನಾಜ' ಎಂದು ಬರೆದು ಅಂಟಿಸಿ ಅತಿಥಿಗಳ ಕಡೆ ತಿರುಗಿದ.

"ನಂದ ತಪ್ಪಾಗಿತ್ತರಿ. ಇದು ಕಾಸಿಂಸಾಬರ ಚಿತ್ರ ಅಲ್ಲ, ಅವರ ಮೊಮ್ಮಗಳದು. ಆದ್ರ ನಡುಗೋಡಿ ಇದಕ್ಕ."

ಎಲ್ಲರೂ ಅಲ್ಲೇ ಕೂತಿದ್ದ ಮುತ್ಯಾನ ಮುಖ ನೋಡಿದರು. ಮುತ್ಯಾ ಖುರ್ಚಿಯಿಂದ ಏಳಲೂ ಇಲ್ಲ.

"ನಾ ಮುಂಜಾನೇನ ನೋಡೇನಿ. ನಿನಗ ಯಾವಾಗ ತಿಳಿತೈತಿ ಅಂತ ಕಾಯಾಕತ್ತಿದ್ದೆ," ಎಂದ ಸರ್ಫರಾಜನಿಗೆ.

ನಗೆಯ ನಡುವೆ ಸರ್ಫರಾಜ ನನ್ನ ಪಕ್ಕಕ್ಕೆ ಬಂದು ನಿಂತ.

"ನಿಮ್ಮ ಮ್ಯಾಲ ಮೊದಲಿಂದ್ಲೂ ಮನಸೈತ್ರಿ. ಹೇಳಾಕ ಅಂಜತಿದ್ದೆ. ಇವತ್ತ ಕಾಸಿಂಸಾಬರ ಕೂಡ ಮಾತಾಡ್ತೇನಿ."

"ಅವರ ಕೂಡ ಆಮ್ಯಾಲ. ಮೊದಲ ನನ್ನ ಕೇಳ್ರಿ."

ಅವನು ನೇರ ನನ್ನ ಕಡೆ ತಿರುಗಿದ. "ನನ್ನ ಲಗ್ನ ಆಗ್ತೀರೇನ್ರಿ?"

"ಆಗ್ತೇನಿ," ಎಂದೆ, ಬಾಗಿಲ ಬಳಿ ನಿಂತವರಿಗೂ ಕೇಳುವ ಹಾಗೆ.