ಎಂಟನೇ ಸೈಕಲ್ಲಿಗೆ ಹೇಳಿದ ನಿಜ

"ಮುಟ್ಬೇಡಿ ಅದನ್ನ!"

ಹಳೇ ಸೈಕಲ್ ಮಾರುವವನ ಅಂಗಳದಲ್ಲಿ ಯಾರೋ ಹಿಂದಿನಿಂದ ಬಂದು ಅವಳ ಕೈಯಿಂದ ಹ್ಯಾಂಡಲ್ ಕಿತ್ತುಕೊಂಡ. ಅವಳಿಗೆ ಮೈಯೆಲ್ಲ ಉರಿದುಹೋಯಿತು.

"ಏನ್ರೀ ನೀವು? ತಗೊಳ್ತಿರೋದು ನಾನು!"

"ತಗೊಂಡ್ರೆ ಸಾಯ್ತೀರ."

ಗ್ರೀಸ್ ಮೆತ್ತಿದ ಉಗುರಿನಿಂದ ಅವನು ಹ್ಯಾಂಡಲ್ ಕೆಳಗಿನ ಬಣ್ಣ ಕೆರೆದ. ಒಳಗೆ ಕೂದಲೆಳೆಯಂಥ ಬಿರುಕು!

ಅವನು ಸೈಕಲ್ ಮೆಕ್ಯಾನಿಕ್. ಅವಳು ಲ್ಯಾಬಿನಲ್ಲಿ ಕೂತು ಹಲ್ಲಿನ ಸೆಟ್ ಮಾಡುವವಳು. ಹಳೇ ಕಾಲದ, ಉಕ್ಕಿನ, ತೆಳುಗಾಲಿಯ ರೇಸಿಂಗ್ ಸೈಕಲ್ ಒಂದು ಬೇಕೆಂಬುದು ಅವಳ ಹುಚ್ಚು. "ಇನ್ಮೇಲೆ ನೀವೇ ನೋಡಿ ಆರಿಸಿಕೊಡಿ" ಎಂದು ಅವನನ್ನೇ ಕೇಳಿಕೊಂಡಳು.

ಅಲ್ಲಿಂದ ಪ್ರತಿ ಭಾನುವಾರ ಒಂದೊಂದು ಸೈಕಲ್. ಅವನು ಬೆರಳ ಗೆಣ್ಣಿನಿಂದ ಫ್ರೇಮ್ ತಟ್ಟುವನು, ಕಿವಿಯಿಟ್ಟು ಕೇಳುವನು, ತಲೆಯಾಡಿಸುವನು. ಒಂದಕ್ಕೆ ಒಳಗೆಲ್ಲ ತುಕ್ಕು, ಇನ್ನೊಂದು ಸೊಟ್ಟ. ಬೇಡ, ಬೇಡ.

"ನೀನು ಸೈಕಲ್ ನೋಡೋಕೆ ಹೋಗ್ತಿದೀಯೋ, ಗಂಡು ನೋಡೋಕೋ?" ಅಕ್ಕ ಕಿಚಾಯಿಸಿದಳು.

"ಥೂ, ಹೋಗೇ!"

ಆದರೂ ಭಾನುವಾರದ ಬಟ್ಟೆಗೆ ಬುಧವಾರವೇ ಇಸ್ತ್ರಿ ಬೀಳುತ್ತಿತ್ತು. 'ನೀವು' ಹೋಗಿ 'ನೀನು' ಬಂದಿತ್ತು. ಪಾಪ, ಹುಡುಗಿ!

ಏಳು ಸೈಕಲ್ ಆದ ಮೇಲೆ ಒಂದು ದಿನ ಮೂರನೆಯದರ ಒಡೆಯ, ನಿವೃತ್ತ ಮೇಷ್ಟ್ರು, ಅದೇ ಸೈಕಲ್ಲಿನಲ್ಲಿ ಎದುರಾದರು.

"ನೀನು ಬಿಟ್ಟಿದ್ದೇ ಒಳ್ಳೇದಾಯ್ತಮ್ಮ! ನಿನ್ನ ಜೊತೆ ಬಂದಿದ್ನಲ್ಲ, ಮಾರನೇ ದಿನ ಬಂದು ಹೇಳ್ದ... ಇದು ಚಿನ್ನ, ಮಾರ್ಬೇಡಿ ಸಾರ್ ಅಂತ."

ಚಿನ್ನ?! ತುಕ್ಕು ಅಂದಿದ್ದನಲ್ಲ! ಏಳು ವಾರ ನನ್ನನ್ನು ಕುಣಿಸಿ ಮಜಾ ನೋಡಿದನೇ?

ಎಂಟನೆಯದು ಆಕಾಶಬಣ್ಣದ್ದು. ತಟ್ಟಿದವನ ಮುಖ ಬಿಳಿಚಿತು.

"ಇದು ಬೇಡ. ಮುಂದಿನ ಚಕ್ರ ಹಿಡಿಯೋ ಫೋರ್ಕ್ ಸೀಳಿದೆ."

"ಹೌದಾ? ಮೇಷ್ಟ್ರು ಸೈಕಲ್ಲಿಗೆ ತುಕ್ಕು ಹಿಡಿದಿತ್ತಲ್ಲ, ಹಾಗಾ?"

"ಅದು... ಅದು ಬೇರೆ. ಇದು ನಿಜ! ದಮ್ಮಯ್ಯ ಅಂತೀನಿ, ಹತ್ಬೇಡ!"

"ಕಿವಿ ಮೇಲೆ ಹೂ ಇಡೋಕೆ ನನ್ನ ಕಿವೀನೇ ಬೇಕಿತ್ತಾ ನಿಂಗೆ?"

ಅವನ ಕಣ್ಣೆದುರೇ ಕೊಂಡಳು, ಹತ್ತಿದಳು. ಅವನು ಕೂಗುತ್ತ ಹಿಂದೆ ಓಡಿದ. ಇಳಿಜಾರಿನಲ್ಲಿ ಫೋರ್ಕ್ ಲಟ್ಟೆಂದು ಮುರಿಯಿತು. ಮೊದಲು ನೆಲ ಸೇರಿದ್ದು ಅವಳ ಮುಖ.

ಊರವರಿಗೆಲ್ಲ ಹಲ್ಲು ಕಟ್ಟಿಕೊಡುವವಳ ಮುಂದಿನ ನಾಲ್ಕು ಹಲ್ಲು ರಸ್ತೆ ಪಾಲಾದವು. ತುಟಿಗೆ ಒಂಬತ್ತು ಹೊಲಿಗೆ. ವಿಧಿಗೂ ಇಷ್ಟು ಕುಹಕ ಬೇಕೇ!

ಹನ್ನೊಂದು ದಿನ ಅವನು ವಾರ್ಡಿನ ಹೊರಗೇ ಕೂತ.

"ಒಳಗೆ ಕಾಲಿಟ್ರೆ ನಿನ್ನ ಹಲ್ಲು ನಾನೇ ಉದುರಿಸ್ತೀನಿ!" ಎಂದಿದ್ದಳು ಅಕ್ಕ.

ಹನ್ನೆರಡನೇ ದಿನ ಅವಳೇ ಕರೆಸಿದಳು. ಬಾಯಿಗೆ ಕರವಸ್ತ್ರ ಒತ್ತಿಕೊಂಡು, ತೊದಲುತ್ತ ಕೇಳಿದಳು.

"ಎಂಟರಲ್ಲಿ ಎಷ್ಟು ಸುಳ್ಳು?"

"ಆರು. ಮೊದಲನೆಯದು, ಕೊನೆಯದು ಮಾತ್ರ ನಿಜ."

"ಯಾಕೆ?"

"ಒಳ್ಳೇದು ಸಿಕ್ಬಿಟ್ರೆ ನೀನು ಮುಂದಿನ ಭಾನುವಾರ ಬರಲ್ವಲ್ಲ..." ಅವನು ಬಿಕ್ಕಿದ. "ಪ್ರೀತಿಸ್ತೀನಿ ಅನ್ನೋಕೆ ಧೈರ್ಯ ಸಾಲದೆ ಸುಳ್ಳು ಹೇಳ್ದೆ. ನಿನ್ನ ಈ ಗತಿಗೆ ನಾನೇ ಕಾರಣ."

"ಹೌದು, ನೀನೇ."

ಅವಳು ಅಷ್ಟಕ್ಕೇ ಬಿಡಲಿಲ್ಲ. ಕರವಸ್ತ್ರ ಕಿತ್ತೆಸೆದು, ಹೊಲಿಗೆ ಎಳೆದು ರಕ್ತ ಒಸರುವಂತೆ ನಕ್ಕಳು.

"ನೋಡು. ಮುಖ ತಿರುಗಿಸ್ಬೇಡ. ಹೇಗಿದೆ?"

ಅವನು ತಿರುಗಿಸಲಿಲ್ಲ.

"ಚೆನ್ನಾಗಿಲ್ಲ."

ಅವಳ ಕಣ್ಣು ತುಂಬಿತು. ಇನ್ನೊಂದು ಸುಳ್ಳು ಬರಲಿ, ಅಟ್ಟಿಬಿಡೋಣ ಎಂದೇ ಕಾದಿದ್ದಳು ಅವಳು!

"ಹಾಗಾದ್ರೆ ಬೇಡವಾ?"

"ಬೇಕು. ಹೀಗೇ ಬೇಕು."

"ನಾನಿನ್ನೂ ಕ್ಷಮಿಸಿಲ್ಲ" ಎನ್ನುತ್ತಲೇ ಅವಳು ಅವನ ಬೆರಳು ಹಿಡಿದಳು.

"ಕ್ಷಮಿಸ್ಬೇಡ. ಆದ್ರೆ... ಭಾನುವಾರ ಬರ್ಲಾ?"

"ಭಾನುವಾರಕ್ಕೆ ಇನ್ನೂ ಮೂರು ದಿನ ಇದೆ ಕಣೋ... ಅಲ್ಲೀವರೆಗೂ ನಾನೇನ್ ಮಾಡ್ಲಿ?"