ಮೂರನೆಯ ಅಧ್ಯಾಯ

ಇಟಲಿಯ ದಕ್ಷಿಣ ಕರಾವಳಿಯ ಆ ಪುಟ್ಟ ವಿಶ್ವವಿದ್ಯಾಲಯದಲ್ಲಿ ಹದಿನಾಲ್ಕು ವರ್ಷ ಪ್ರೊಫೆಸರ್ ಕಾಲ್ದೊರಾನ ಪಾಠಗಳನ್ನು ತಾನು ಮಾಡಿ, ಅವನ ಮೌಖಿಕ ಪರೀಕ್ಷೆಗಳನ್ನು ತಾನು ನಡೆಸಿ ಒರ್ನೆಲ್ಲಾ ಸ್ಕಾರ್ಚಾ ಗಳಿಸಿದ್ದು ವರ್ಷವರ್ಷವೂ ಅಂಗಲಾಚಿ ಪಡೆಯುವ ಗುತ್ತಿಗೆ, ಜೊತೆಗೆ ಬೆನ್ನುನೋವು. ಕಡೆಗೂ ಕಾನೂನು ಮತ್ತು ರಾಜ್ಯಶಾಸ್ತ್ರಕ್ಕೆ ಒಂದು ಕಾಯಂ ಹುದ್ದೆ ಬಂತು. ಅದರ ಅರ್ಹತೆಗಳನ್ನು ಕಾಲ್ದೊರಾನ ತಮ್ಮನ ಮಗಳು ಜಿನೆವ್ರಾಳ ಮೈಯಳತೆ ನೋಡಿ ಹೊಲಿದಂತಿತ್ತು.

"ಅವಳ ಪುಸ್ತಕಕ್ಕೆ ಒಂದು ಅಧ್ಯಾಯ ಕಮ್ಮಿ ಬಿದ್ದಿದೆ. ಬರ್ಕೊಡಮ್ಮಾ. ನಿನ್ನ ಹೆಸರು ಹಾಕೋಕಾಗಲ್ಲ, ಗೊತ್ತಲ್ಲ," ಎಂದಿದ್ದ ಕಾಲ್ದೊರಾ, ಕಾಫಿಗೆ ಸಕ್ಕರೆ ಕಲಕುತ್ತಾ. "ನಿನ್ನ ಸರದಿನೂ ಬರುತ್ತೆ ಬಿಡು."

ಸರದಿಯಂತೆ! ಅವಳಿಗೆ ಆಗಲೇ ನಲವತ್ತೇಳು. ಆದರೂ ನಗುನಗುತ್ತಲೇ ಒಪ್ಪಿಕೊಂಡಳು, ಬರೆದೂ ಕೊಟ್ಟಳು. ಆದರೆ ಅದರೊಳಗಿನ ಹನ್ನೊಂದು ಪುಟ ಅವಳದ್ದಲ್ಲ. ಲಿಸ್ಬನ್ನಿನ ಹಳೇ ಪುಸ್ತಕದ ಅಂಗಡಿಯಲ್ಲಿ ಸಿಕ್ಕಿದ್ದ, ಯಾರೂ ಮೂಸಿ ನೋಡದ ಪೋರ್ಚುಗೀಸ್ ಪ್ರಬಂಧದಿಂದ ಸಾಲುಸಾಲಾಗಿ ಎತ್ತಿ ಅನುವಾದಿಸಿದ್ದು. ಆಯ್ಕೆ ಸಮಿತಿಯ ಅಧ್ಯಕ್ಷೆ ದೊನಾತಾ ಲೊಪೆರ್ಫಿದೊ ಓದಿದ್ದೇ ಲಿಸ್ಬನ್ನಿನಲ್ಲಿ. ಕಳ್ಳಮಾಲು ಗುರುತಿಸಲು ಅವಳಿಗೆ ಇನ್ನೊಬ್ಬರ ಹಂಗು ಬೇಕಿರಲಿಲ್ಲ.

ಅಧ್ಯಾಯವನ್ನು ಒರ್ನೆಲ್ಲಾ ಕೈಯಾರೆ ಕೊಟ್ಟಿದ್ದಳು. ಒಂದು ಇ-ಮೇಲ್ ಇಲ್ಲ, ಒಂದು ಚೀಟಿ ಇಲ್ಲ. ನಾನು ಬರೆದದ್ದಲ್ಲ ಎಂದು ಜಿನೆವ್ರಾ ಗೋಳಾಡಿದರೆ ಬೇರೆಯವರಿಂದ ಬರೆಸಿಕೊಂಡ ತಪ್ಪಿಗೆ ಸಿಕ್ಕಿಬೀಳುತ್ತಾಳೆ. ಎತ್ತ ತಿರುಗಿದರೂ ಗೋಡೆಯೇ.

ಪುಸ್ತಕ ಅಚ್ಚಾದ ದಿನ ಜಿನೆವ್ರಾ ತಾನೇ ಒಂದು ಪ್ರತಿ ತಂದುಕೊಟ್ಟಳು.

"ಬರೀ ಆ ಅಧ್ಯಾಯ ನೋಡಿ ಮುಚ್ಚಿಡ್ಬೇಡಿ ಒರ್ನೆಲ್ಲಾ. ಮೊದಲನೇ ಪುಟದಿಂದ ಓದಿ, ಆಯ್ತಾ?"

ಪೊಗರು ನೋಡು ಇವಳದು, ಎಂದುಕೊಂಡಳು ಒರ್ನೆಲ್ಲಾ. ಹನ್ನೊಂದು ಪುಟಗಳೂ ಇದ್ದ ಹಾಗೇ ಇವೆಯೇ ಎಂದಷ್ಟೇ ನೋಡಿ, ಪುಸ್ತಕವನ್ನು ಕಪಾಟಿನ ಮೇಲೆ ಎಸೆದಳು.

ಸಹಿಯಿಲ್ಲದ ದೂರು ಕಸದ ಬುಟ್ಟಿ ಸೇರುತ್ತದೆ ಎಂದು ಅವಳೇ ವಿದ್ಯಾರ್ಥಿಗಳಿಗೆ ಪಾಠ ಹೇಳುತ್ತಿದ್ದಳು. ಆದ್ದರಿಂದ ಅದೇ ಹುದ್ದೆಗೆ ತಾನೂ ಒಬ್ಬ ಅಭ್ಯರ್ಥಿಯೆಂಬ ಹಕ್ಕಿನಿಂದ ಆಯ್ಕೆ ಸಮಿತಿಗೆ ಕೊಟ್ಟ ದೂರಿಗೆ ಪೂರ್ತಿ ಹೆಸರು ಬರೆದು ಸಹಿ ಹಾಕಿದಳು, ಪೋರ್ಚುಗೀಸ್ ಪುಟಗಳನ್ನು ಲಗತ್ತಿಸಿದಳು. ಕೊನೆಯ ಸಾಲು ಅವಳಿಗೇ ಬಹಳ ಹಿಡಿಸಿತು: 'ಈ ಅಧ್ಯಾಯ ಬರೆದವರು ಯಾರೇ ಆಗಿರಲಿ, ಯಾವ ವಿಶ್ವವಿದ್ಯಾಲಯದಲ್ಲೂ ಇನ್ನೆಂದೂ ಪಾಠ ಹೇಳಕೂಡದು.'

ಸಮಿತಿಯ ಮುಂದೆ ಲೊಪೆರ್ಫಿದೊ ಆ ಸಾಲನ್ನು ಎರಡು ಸಲ ಓದಿದಳು. "ಈ ಮಾತಿಗೆ ನೀವು ಬದ್ಧರೇನಮ್ಮಾ?"

"ಅಕ್ಷರಕ್ಷರಕ್ಕೂ."

ಜಿನೆವ್ರಾಳ ಕಣ್ಣು ತುಂಬಿ ಬಂದಿತ್ತು. ಒರ್ನೆಲ್ಲಾಗೆ ಹದಿನಾಲ್ಕು ವರ್ಷಗಳಲ್ಲಿ ಮೊದಲ ಸಲ ಬೆನ್ನು ನೋಯಲಿಲ್ಲ.

ಲೊಪೆರ್ಫಿದೊ ಪುಸ್ತಕದ ಮೊದಲ ಪುಟ ತೆಗೆದು, ಅಡಿಯ ಸಣ್ಣಕ್ಷರಗಳ ಮೇಲೆ ಬೆರಳಿಟ್ಟು, ಅದನ್ನು ಒರ್ನೆಲ್ಲಾಳತ್ತ ತಳ್ಳಿದಳು. 'ಮೂರನೆಯ ಅಧ್ಯಾಯ ಸಂಪೂರ್ಣವಾಗಿ ಒರ್ನೆಲ್ಲಾ ಸ್ಕಾರ್ಚಾ ಅವರ ಬರಹ. ಅದರ ಶ್ರೇಯಸ್ಸು ಅವರಿಗೇ ಸಲ್ಲತಕ್ಕದ್ದು.' "ದೊಡ್ಡಪ್ಪ ಬೇಡ ಅಂದ್ರೂ ಕೇಳ್ದೆ ಕೊನೇ ಗಳಿಗೇಲಿ ನಾನೇ ಹಾಕಿಸ್ದೆ," ಎಂದಳು ಜಿನೆವ್ರಾ, ಮೂಗೊರೆಸಿಕೊಳ್ಳುತ್ತಾ. "ಮೊದಲನೇ ಪುಟದಿಂದ ಓದಿ ಅಂದಿದ್ನಲ್ಲಾ."